ಹಲಗೂರಿನ ಚಳಿಗೆ ಮೈನಸ್ ಇಪ್ಪತ್ತು ಯಾಕೆ?

ಕಾರಿನ ಗಾಜಿಗೆ ಚಿಮ್ಮುವ ನೀರಿನ ಬಗ್ಗೆ ಒಂದಿಡೀ ಬರಹ ಬರೀತೀನಿ ಅಂತ ನಾನೂ ಅಂದುಕೊಂಡಿರಲಿಲ್ಲ. ಆದರೆ ಕಳೆದ ಜನವರಿಯ ಒಂದು ಸೋಮವಾರ ಆದದ್ದನ್ನು ನೆನೆಸಿಕೊಂಡರೆ ಈಗಲೂ ಎದೆ ಧಸಕ್ಕೆನ್ನುತ್ತೆ.

ಶನಿವಾರ ಊರಿಗೆ, ಸೋಮವಾರ ನಸುಕಲ್ಲಿ ವಾಪಸ್ ಬೆಂಗಳೂರಿಗೆ. ಇದು ನನ್ನ ಮಾಮೂಲಿ. ಅವತ್ತು ಹಲಗೂರು ಬಿಟ್ಟು ಸಾತನೂರಿನ ಕಡೆ ಹೊರಟಿದ್ದೆ. ಹಿಂದಿನ ರಾತ್ರಿ ಗಾಜಿಗೆ ಬಡಿದು ಸತ್ತ ಹುಳುಗಳು, ಅದರ ಮೇಲೆ ರಸ್ತೆ ಧೂಳು, ಆಲೆಮನೆ ಹೊಗೆಯ ಜಿಡ್ಡು, ಎಲ್ಲದರ ಮೇಲೆ ಇಬ್ಬನಿ. ಮಂಜು ಸರಿದು ಸೂರ್ಯ ಓರೆಯಾಗಿ ಎದುರಿಗೆ ಬಂದ. ಗಾಜು ಒರೆಸೋಣ ಅಂತ ನೀರು ಚಿಮ್ಮಿಸಿದೆ. ನೊರೆ ಬಂತು, ವೈಪರ್ ಒಂದು ಸಲ ಆಡಿತು, ಇಡೀ ಗಾಜು ಮಜ್ಜಿಗೆ ಬಳಿದ ಹಾಗೆ ಬೆಳ್ಳಗಾಯ್ತು. ಸುಮಾರು ಮೂರು ಸೆಕೆಂಡ್ ಏನೂ ಕಾಣಲಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಅಂದರೆ 50 ಮೀಟರ್. ಕಂಡಾಗ ಎದುರಿಗೆ ಕಬ್ಬು ತುಂಬಿದ ಎತ್ತಿನಗಾಡಿ! ಹೇಗೋ ಬ್ರೇಕ್ ಹಿಡಿಯಿತು.

"ಯಾಕ್ ಸಾಮಿ, ಕಣ್ ಕಾಣಾಕಿಲ್ವಾ?" ಅಂದರು ಗಾಡಿಯವರು. ನಿಜ ಹೇಳಬೇಕು ಅಂದರೆ ಕಾಣುತ್ತಿರಲಿಲ್ಲ.

ತಪ್ಪು ನನ್ನದೇ. ವಾಷರ್ ಟ್ಯಾಂಕಿಗೆ ಮನೆ ಬೋರ್‌ವೆಲ್ ನೀರು ಸುರಿದು, ಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ್ದೆ. ಪಾತ್ರೆ ಸೋಪನ್ನು ಬೇಕಾದಷ್ಟು ನೀರಲ್ಲಿ ತೊಳೀಬಹುದು, ಗಾಜಿನ ಮೇಲೆ ಬೀಳೋದು ನಾಲ್ಕು ಚಮಚ ನೀರು. ಹಾಗಾಗಿ ಸೋಪು ಪದರವಾಗಿ ಅಲ್ಲೇ ಉಳಿಯುತ್ತೆ, ಬಿಸಿಲು ಬಿದ್ದರೆ ಬೆಳಕು ಚೆದುರಿ ಕಣ್ಣು ಕುಕ್ಕುತ್ತೆ. ಇನ್ನು ಗಡಸು ನೀರಿನ ಸುಣ್ಣ ಒಣಗಿ ಬಿಳಿ ಕಲೆ ಮಾಡುತ್ತೆ, ಚಿಮ್ಮುವ ತೂತನ್ನೂ ಕಟ್ಟಿಸುತ್ತೆ. ಪಕ್ಕದ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ಹೋಗುತ್ತಾಳೆ, ನನ್ನ ಕಾರಿಗೆ ಮಾತ್ರ ಬೋರ್‌ವೆಲ್ ನೀರೇ ಗತಿ :)

ಅಮೆರಿಕದ ಮಿನೆಸೋಟಾದಲ್ಲಿರೋ ಗೆಳೆಯನಿಗೆ ಫೋನಲ್ಲಿ ಇದನ್ನು ಹೇಳಿದೆ. "ಲೋ, ಮೈನಸ್ ಇಪ್ಪತ್ತರದ್ದು ತಗೊಳೋ, ಚಳಿಗಾಲಕ್ಕೆ ಅದೇ ಬೆಸ್ಟು" ಅಂದ. ಮೈನಸ್ 20 ಅಂದರೆ ಅಲ್ಲಿಯ ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಸೆಲ್ಸಿಯಸ್‌ನಲ್ಲಿ ಮೈನಸ್ 29. ಅಷ್ಟು ಚಳಿಯಲ್ಲೂ ಹೆಪ್ಪುಗಟ್ಟದಿರಲಿ ಅಂತ ಆ ನೀಲಿ ನೀರಿಗೆ ಮೆಥನಾಲ್ ಬೆರೆಸುತ್ತಾರೆ, ಸುಮಾರು ಮೂರನೇ ಒಂದು ಭಾಗ. ಅವನಿಗೆ ಅದು ಬೇಕೇ ಬೇಕು. ಬರೀ ನೀರು ಹಾಕಿದರೆ ಹೆಪ್ಪುಗಟ್ಟಿ, ಹಿಗ್ಗಿ, ಟ್ಯಾಂಕೂ ಪಂಪೂ ಒಡೆಯಬಹುದು. ಆದರೆ ಹಲಗೂರಲ್ಲಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯೋದೇ ಅಪರೂಪ. ಇಲ್ಲಿ ಮೆಥನಾಲ್ ಯಾಕೆ?

ಬೇಡ ಅನ್ನೋದಕ್ಕೆ ಇನ್ನೂ ದೊಡ್ಡ ಕಾರಣ ಇದೆ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತರಲ್ಲ, ಅದರಲ್ಲಿದ್ದದ್ದು ಇದೇ ಮೆಥನಾಲ್. ಹೊಟ್ಟೆಗೆ ಹೋದರೆ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರಕ್ಕೇ ಕೈ ಹಾಕುತ್ತೆ. ಯೂರೋಪಿನ ಒಕ್ಕೂಟವಂತೂ ಜನಸಾಮಾನ್ಯರಿಗೆ ಮಾರುವ ವಾಷರ್ ದ್ರವದಲ್ಲಿ ಶೇ. 0.6ರಷ್ಟು ಅಥವಾ ಅದಕ್ಕಿಂತ ಹೆಚ್ಚು ಮೆಥನಾಲ್ ಇರಬಾರದು ಅಂತ 2019ರ ಮೇ ತಿಂಗಳಿಂದ ನಿಷೇಧಿಸಿದೆ.

ಇದು ದೂರದ ಮಾತಲ್ಲ. ನಾನು ಕೊನೆಗೆ ಇಲ್ಲಿಯದೇ ಸಾಧಾರಣ ವಾಷರ್ ಲಿಕ್ವಿಡ್ ತಂದೆ. ನೀರು ಬೆರೆಸಿ, ಉಳಿದದ್ದನ್ನು ಕುಡಿಯೋ ನೀರಿನ ಹಳೇ ಬಾಟ್ಲಿಗೆ ತುಂಬಿ ಜಗಲಿ ಮೇಲಿಟ್ಟೆ. ಅಕ್ಕನ ಮಗಳು ಅದನ್ನು ಎತ್ತಿಕೊಂಡು ಒಳಗೆ ಬಂದಳು. ಅವ್ವ ನೋಡಿ, "ಇದೇನ್ಲಾ ಮಗ, ನೀಲಿ ಸರಬತ್ತು?" ಅಂದಳು. ಮಗು ಮುಚ್ಚಳ ತಿರುಗಿಸುತ್ತಿತ್ತು. ಕಿತ್ತುಕೊಂಡೆ. ಇಂಜಿನಿಯರಿಂಗ್ ಓದಿದ ನನ್ನ ಬುದ್ಧಿಗೆ ಇಷ್ಟು ಹೊಳೆದಿರಲಿಲ್ಲ.

ಹಾಗಂತ ಬರೀ ನೀರು ಸಾಕು ಅನ್ನೋರ ಮಾತನ್ನೂ ನಾನು ಒಪ್ಪಲ್ಲ. ಬರೀ ನೀರಿಗೆ ಹುಳುವಿನ ಜಿಡ್ಡು ಹೋಗಲ್ಲ. ನಿಂತ ನೀರಲ್ಲಿ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಷರ್ ದ್ರವ ಬೆರೆಸಿದರೆ ಆ ಅಪಾಯ ಕಡಿಮೆ ಅಂತ 2010ರಲ್ಲಿ ಬ್ರಿಟನ್ನಿನ ಸಂಶೋಧಕರೂ ಹೇಳಿದ್ದಾರೆ. ರೇಡಿಯೇಟರಿನ ಕೂಲಂಟ್ ಅಂತೂ ಹಾಕಲೇಬೇಡಿ, ಅದೂ ವಿಷ, ಜೊತೆಗೆ ಗಾಜಿಗೆ ಜಿಡ್ಡು ಬೇರೆ.

ಈಗ ನಾನು ಮಾಡೋದಿಷ್ಟು. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ ನೀರಲ್ಲಿ ಒಂದೆರಡು ಲೀಟರ್, ಅದಕ್ಕೆ ಡಬ್ಬಿ ಮೇಲೆ ಬರೆದ ಅಳತೆಯಷ್ಟೇ ಲಿಕ್ವಿಡ್. ಉಳಿದದ್ದು ಅದರದ್ದೇ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಅಟ್ಟದ ಮೇಲೆ. ವೈಪರ್ ರಬ್ಬರ್ ಗಟ್ಟಿಯಾದರೆ ಬದಲಾಯಿಸ್ತೀನಿ. ಗಾಜು ಒಳಗಡೆ ಮಬ್ಬಾದರೆ ಅದು ನಮ್ಮ ಉಸಿರಿನ ತೇವ, ಅದಕ್ಕೆ ಎಸಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಬೇಕು, ಯಾವ ಲಿಕ್ವಿಡ್ಡೂ ಕೆಲಸ ಮಾಡಲ್ಲ. ಮುಖ್ಯವಾಗಿ, ಹೊರಡೋ ಮುಂಚೆ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿಯೇ ಹೊರಡ್ತೀನಿ. ಜನವರಿಯಲ್ಲಿ ಮನಾಲಿಗೆ ಕಾರಲ್ಲಿ ಹೋಗೋರಿದ್ದರೆ ಮಾತ್ರ ಹೆಪ್ಪುಗಟ್ಟದ ದ್ರವದ ಯೋಚನೆ ಮಾಡಿ.

ಅವರವರ ಚಳಿಗೆ ಅವರವರ ಕಂಬಳಿ. ಮಿನೆಸೋಟಾದ ಕಂಬಳಿ ಹೊದ್ದು ಹಲಗೂರಲ್ಲಿ ಬೆವರೋದು ಬೇಡ ಅನ್ನೋದಷ್ಟೇ ನನ್ನ ವಾದ. ನೀವೇನು ಹಾಕ್ತೀರಿ? ಹೇಳಿ.