ಅನ್ಯಭಾಷೆಯ ಪದ, ಸ್ವಭಾಷೆಯ ಅರ್ಥ

ಇಂಗ್ಲಿಷ್ ಭಾಷೆಯ ಕಠಿಣ ಪದಗಳನ್ನು ಕಲಿಯುವ ಹಂಬಲವು ನಮ್ಮ ತರುಣರಲ್ಲಿ ಬಲವಾಗಿರುವುದು. ಇದು ಆಕ್ಷೇಪಾರ್ಹವಲ್ಲ, ವಿದ್ಯೆಯು ಯಾವ ದಿಕ್ಕಿನಿಂದ ಬಂದರೂ ಗ್ರಾಹ್ಯವೇ. ಆದರೆ ಪಟ್ಟಿಗಳನ್ನು ಉರುಹೊಡೆದು, ಪದವೊಂದಕ್ಕೆ ಅರ್ಥವೊಂದನ್ನು ಗಂಟುಹಾಕುವ ಪದ್ಧತಿಯು ಬರಿಯ ಗಿಳಿಪಾಠವೆಂದು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ.

‘ಸ್ಯಾಂಕ್ಷನ್’ ಎಂಬ ಪದವನ್ನೇ ನೋಡಿರಿ. ಕಚೇರಿಯ ಕಾಗದದಲ್ಲಿ ಅದು ಮಂಜೂರಾತಿ. ರಾಷ್ಟ್ರರಾಷ್ಟ್ರಗಳ ವ್ಯವಹಾರದಲ್ಲಿ ಅದೇ ದಂಡರೂಪವಾದ ನಿರ್ಬಂಧ. ಒಂದೇ ಅರ್ಥವನ್ನು ಕಂಠಪಾಠ ಮಾಡಿದವನು ಶಿಕ್ಷೆಯನ್ನು ಅನುಗ್ರಹವೆಂದು ಓದಿಯಾನು! ವಾಕ್ಯವನ್ನು ಬಿಟ್ಟ ಪದಕ್ಕೆ ಪ್ರಾಣವಿಲ್ಲ. ಮೂಲವನ್ನು ಅರಿತರೆ ಮಾರ್ಗವು ಇನ್ನೂ ಸುಗಮ. ಲ್ಯಾಟಿನ್ ಭಾಷೆಯಲ್ಲಿ ‘ಬೆನೆ’ ಎಂದರೆ ಒಳ್ಳೆಯದಾಗಿ, ‘ಮಾಲೆ’ ಎಂದರೆ ಕೆಟ್ಟದಾಗಿ. ಇಷ್ಟು ತಿಳಿದವನಿಗೆ ‘ಬೆನೆವೊಲೆಂಟ್’ ಎಂದರೆ ಹಿತ ಬಯಸುವ, ‘ಮೆಲೆವೊಲೆಂಟ್’ ಎಂದರೆ ಕೇಡು ಬಗೆಯುವ ಎಂಬರ್ಥವು ತಾನಾಗಿ ಹೊಳೆಯುವುದು.

ಜರ್ಮನಿಯಿಂದ ಬಂದ ಕಿಟೆಲ್ಲರು ನಮ್ಮ ಪದಗಳನ್ನು ಕಾವ್ಯಪ್ರಯೋಗಗಳೊಡನೆ, ಜನರ ಗಾದೆಗಳೊಡನೆ ಅರಿತರು. 1894ರ ಅವರ ಕನ್ನಡ-ಇಂಗ್ಲಿಷ್ ನಿಘಂಟುವೇ ಇದಕ್ಕೆ ಸಾಕ್ಷಿ. ಅನ್ಯಭಾಷೆಯನ್ನು ಕಲಿಯುವಾಗ ನಮಗೂ ಅದೇ ಶ್ರದ್ಧೆಯಿರಲಿ. ಕಲಿತ ಪದದ ಅರ್ಥವನ್ನು ತಿಳಿಗನ್ನಡದಲ್ಲಿ ತಾಯಿಗೆ ಹೇಳಲು ಬಾರದವನಿಗೆ ಆ ಪದವು ಇನ್ನೂ ವಶವಾಗಿಲ್ಲವೆಂದೇ ತಿಳಿಯತಕ್ಕದ್ದು.