ಕೆಟ್ಟ ಡಿಸ್ಕು, ಕೆಡದ ನೆನಪು



ಹಿಂದೆ ನಮ್ಮ ಮನೆಗಳಲ್ಲಿ ಬೆಲೆಯುಳ್ಳ ಕಾಗದಪತ್ರಗಳೆಲ್ಲ ಒಂದು ಟ್ರಂಕಿನಲ್ಲಿರುತ್ತಿದ್ದವು. ಹೊಲದ ಪತ್ರ, ಮಕ್ಕಳ ಶಾಲೆಯ ದಾಖಲೆ, ಮದುವೆಯ ಫೋಟೋಗಳು, ಊರಿನಿಂದ ಬಂದ ಓಲೆಗಳು, ಎಲ್ಲವೂ ಅದರೊಳಗೆ. ಟ್ರಂಕಿನ ಕೀಲಿ ಮನೆಯ ಹಿರಿಯರ ಬಳಿ. ಇಂದು ಆ ಸ್ಥಾನಕ್ಕೆ ಗಣಕಯಂತ್ರದ ಡಿಸ್ಕು ಬಂದಿದೆ. ಆದರೆ ಒಂದು ವ್ಯತ್ಯಾಸವನ್ನು ನಾವು ಗಮನಿಸಿಲ್ಲ. ಟ್ರಂಕಿಗೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಡಿಸ್ಕಿಗೆ ಹಿಡಿದ ಗೆದ್ದಲು ಕಾಣುವುದಿಲ್ಲ. ಕಂಡಾಗ ನಾವು ಗಾಬರಿಗೊಳ್ಳುತ್ತೇವೆ. ಆ ಗಾಬರಿಯಲ್ಲಿ ಮಾಡುವ ಕೆಲಸವೇ ಎಷ್ಟೋ ಸಲ ಗೆದ್ದಲಿಗಿಂತ ಹೆಚ್ಚು ಹಾನಿ ಮಾಡುತ್ತದೆ. 2023ರಲ್ಲಿ ನಮ್ಮ ಮನೆಯಲ್ಲಿಯೇ ನಡೆದ ಪ್ರಸಂಗವೊಂದನ್ನು ಈ ಸಲ ತಮ್ಮ ಮುಂದಿಡುತ್ತಿದ್ದೇನೆ. ಅದರಲ್ಲಿ ನನ್ನ ತಪ್ಪುಗಳೂ ಇವೆ, ಅವನ್ನು ಮರೆಮಾಚುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ಚಿಕ್ಕ ಸರ್ವರ್ ಇದೆ. ಮನೆಮಂದಿಯ ಫೋಟೋ, ವಿಡಿಯೋ, ದಾಖಲೆಗಳನ್ನೆಲ್ಲ ಒಂದೆಡೆ ಕೂಡಿಡುವ ಯಂತ್ರ ಅದು. ಅದರಲ್ಲಿ ತಲಾ 4 ಟೆರಾಬೈಟ್ ಸಾಮರ್ಥ್ಯದ ನಾಲ್ಕು ಡಿಸ್ಕುಗಳು. ಅವುಗಳಲ್ಲಿದ್ದ ವಸ್ತುಗಳ ಪೈಕಿ ಒಂದಕ್ಕೆ ಬೆಲೆ ಕಟ್ಟಲಾಗದು. ನಮ್ಮ ತಂದೆಯವರು ತೀರಿಕೊಳ್ಳುವ ಮುನ್ನ ಮನೆತನದ ಹಿರಿಯರ ಕಥೆಯನ್ನು ತಮ್ಮದೇ ಧ್ವನಿಯಲ್ಲಿ ಆರು ಕ್ಯಾಸೆಟ್ಟುಗಳಲ್ಲಿ ಹೇಳಿಟ್ಟಿದ್ದರು. ಟೇಪಿಗೆ ಬೂಸ್ಟು ಹಿಡಿಯತೊಡಗಿದಾಗ ಅದನ್ನು ಸರ್ವರಿಗೆ ಇಳಿಸಿ, ಹಳೆಯ ಕ್ಯಾಸೆಟ್ಟುಗಳನ್ನು ಎಸೆದುಬಿಟ್ಟೆವು. ನಾಲ್ಕು ಡಿಸ್ಕುಗಳಿರುವಾಗ ಇನ್ನೇಕೆ ಚಿಂತೆ ಎಂಬುದು ನನ್ನ ಎಣಿಕೆಯಾಗಿತ್ತು. ಇದು ನನ್ನ ಮೊದಲನೆಯ ತಪ್ಪು.

ನಾಲ್ಕು ಡಿಸ್ಕುಗಳ ಒಕ್ಕಲು

ಈ ನಾಲ್ಕು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ದುಡಿಸುವ ಪದ್ಧತಿಗೆ ರೇಡ್ ಎಂದು ಹೆಸರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಚಿಕ್ಕ ಡಿಸ್ಕುಗಳನ್ನು ಜೋಡಿಸಬಹುದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪ್ರತಿಪಾದಿಸಿದರು. ರೇಡ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಡಿಸ್ಕುಗಳ ಸಂಖ್ಯೆ ಹೆಚ್ಚಿದಂತೆ ಅವುಗಳಲ್ಲೊಂದು ಕೆಡುವ ಸಂಭವವೂ ಹೆಚ್ಚುತ್ತದೆ. ಆದ್ದರಿಂದ ಒಂದು ಕೆಟ್ಟರೂ ಉಳಿದವುಗಳಿಂದ ಅದರ ಪಾಲನ್ನು ಮರಳಿ ಪಡೆಯುವ ಉಪಾಯಗಳನ್ನೂ ಅವರು ವಿವರಿಸಿದರು.

ಆ ಉಪಾಯ ನಮ್ಮ ಅಂಗಡಿಯ ಲೆಕ್ಕದಷ್ಟೇ ಸರಳ. ಮೂರು ಡಿಸ್ಕುಗಳಲ್ಲಿ ಕ್ರಮವಾಗಿ 25, 40, 35 ಎಂದು ಬರೆದಿದೆ ಎಂದುಕೊಳ್ಳಿ. ನಾಲ್ಕನೆಯದರಲ್ಲಿ ಅವುಗಳ ಮೊತ್ತ 100 ಎಂದು ಬರೆದಿಡುತ್ತೇವೆ. ನಾಳೆ 40 ಬರೆದ ಡಿಸ್ಕು ಕೆಟ್ಟರೆ, ನೂರರಲ್ಲಿ 25 ಮತ್ತು 35ನ್ನು ಕಳೆದರೆ ಕಳೆದುಹೋದ ಅಂಕಿ ದೊರೆಯುತ್ತದೆ. ಆದರೆ ಎರಡು ಅಂಕಿಗಳು ಏಕಕಾಲಕ್ಕೆ ಅಳಿಸಿಹೋದರೆ ಯಾವ ಲೆಕ್ಕಿಗನೂ ಅವನ್ನು ಹೇಳಲಾರ. ವಾಸ್ತವದಲ್ಲಿ ಯಂತ್ರವು ಸಂಕಲನದ ಬದಲು ಸೊನ್ನೆ ಮತ್ತು ಒಂದುಗಳ ಸಮ ಬೆಸ ಲೆಕ್ಕವನ್ನು ಬಳಸುತ್ತದೆ. ಮೊತ್ತವನ್ನೂ ಒಂದೇ ಡಿಸ್ಕಿನ ಮೇಲೆ ಹೇರದೆ ನಾಲ್ಕರಲ್ಲೂ ಸರದಿಯಂತೆ ಹಂಚುತ್ತದೆ. ಇದೇ ರೇಡ್ ಐದು ಎಂಬ ವಿಧಾನ. ಒಟ್ಟು 16 ಟೆರಾಬೈಟಿನಲ್ಲಿ 12 ಮಾತ್ರ ಬಳಕೆಗೆ. ಉಳಿದ 4 ಮೊತ್ತದ ಪಾಲಿಗೆ.

ಇದಕ್ಕಾಗಿಯೇ ಪ್ರತ್ಯೇಕ ಕಾರ್ಡನ್ನು ಕೂಡಿಸಬಹುದು. ಲಿನಕ್ಸ್ ವ್ಯವಸ್ಥೆಯಲ್ಲಾದರೆ ತಂತ್ರಾಂಶವೇ ಆ ಕೆಲಸ ಮಾಡುತ್ತದೆ. ಅದನ್ನು ನಡೆಸುವ ಸಾಧನದ ಹೆಸರು ಎಂಡಿಆಡ್ಮ್. ಅದನ್ನು ಬರೆದವರು ನೀಲ್ ಬ್ರೌನ್. ಇದರ ಒಂದು ಉಪಕಾರವೆಂದರೆ, ಯಂತ್ರವೇ ಸುಟ್ಟುಹೋದರೂ ಡಿಸ್ಕುಗಳನ್ನು ಬಿಚ್ಚಿ ಮತ್ತೊಂದು ಲಿನಕ್ಸ್ ಯಂತ್ರಕ್ಕೆ ಜೋಡಿಸಿ ಓದಬಹುದು.

ಬಿದ್ದದ್ದು ಒಂದಲ್ಲ, ಎರಡು

ಆ ವರ್ಷದ ಮಾರ್ಚ್ ತಿಂಗಳಲ್ಲಿ ನಾಲ್ಕನೆಯ ಡಿಸ್ಕು ಕೈಬಿಟ್ಟಿತು. ರೇಡಿನ ಗುಣವೇ ಇಲ್ಲಿ ದೋಷವಾಯಿತು. ಉಳಿದ ಮೂರರಿಂದ ಕೆಲಸ ಎಂದಿನಂತೆ ಸಾಗಿತು. ಫೋಟೋಗಳು ತೆರೆದವು, ಹಾಡುಗಳು ಕೇಳಿಸಿದವು. ಡಿಸ್ಕು ಕೆಟ್ಟಾಗ ಮನೆಯವರಿಗೆ ಮಿಂಚಂಚೆ ಕಳುಹಿಸುವ ಏರ್ಪಾಡು ಎಂಡಿಆಡ್ಮ್‌ನಲ್ಲಿಯೇ ಇದೆ. ಅದಕ್ಕೆ ವಿಳಾಸ ಬರೆದುಕೊಡುವ ಕೆಲಸವನ್ನು ನಾನು ನಾಳೆ ನಾಳೆ ಎಂದು ಮುಂದೂಡಿದ್ದೆ. ಇದು ಎರಡನೆಯ ತಪ್ಪು. ನಾಲ್ಕು ತಿಂಗಳು ನಾವು ಒಂಟಿ ಹಗ್ಗದ ಮೇಲೆ ನಡೆಯುತ್ತಿದ್ದೆವು, ಮತ್ತು ಅದು ನಮಗೆ ತಿಳಿದಿರಲಿಲ್ಲ.

ಜುಲೈ ತಿಂಗಳ ಒಂದು ಮಳೆಯ ರಾತ್ರಿ ಕರೆಂಟು ಏಳೆಂಟು ಸಲ ಹೋಗಿ ಬಂದಿತು. ಯುಪಿಎಸ್ಸಿನ ಬ್ಯಾಟರಿ ಹಳತಾಗಿತ್ತು. ಬೆಳಗ್ಗೆ ನೋಡಿದರೆ ಮೂರನೆಯ ಡಿಸ್ಕೂ ಗುಂಪಿನಿಂದ ಹೊರಬಿದ್ದಿದೆ. ಇಡೀ ಭಂಡಾರ ಮುಚ್ಚಿಹೋಗಿದೆ. ಸಂಜೆ ಅವ್ವ ತನ್ನ ರೂಢಿಯಂತೆ ಕುರ್ಚಿಯಲ್ಲಿ ಕುಳಿತು, "ನಿಮ್ಮ ಅಪ್ಪಾರ ದನಿ ಯಾಕ ಬರವಲ್ದು?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಪರಿಚಯದ ಗಣಕಯಂತ್ರದ ಅಂಗಡಿಯವರೊಬ್ಬರು, "ಹೊಸ ಡಿಸ್ಕು ಹಾಕಿ ಮತ್ತೆ ರೇಡ್ ಕಟ್ಟಿಬಿಡಿ, ಸರಿಹೋಗುತ್ತದೆ" ಎಂದರು. ನಾನು ಅದಕ್ಕೂ ಸಿದ್ಧನಾಗಿದ್ದೆ. ಅಷ್ಟರಲ್ಲಿ ಈ ವಿದ್ಯೆ ಬಲ್ಲ ನನ್ನ ಅಕ್ಕನ ಮಗ ಫೋನಿನಲ್ಲಿ ಸಿಕ್ಕ. ಅವನು ಹೇಳಿದ ಮೊದಲ ಮಾತು: "ಮಾಮಾ, ಏನೂ ಮಾಡಬೇಡ್ರಿ. ಯಂತ್ರ ಬಂದ್ ಮಾಡ್ರಿ. ನಾನು ಬರ್ತೀನಿ." ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯ ಅರ್ಥ ನನಗೆ ಅಂದು ಚೆನ್ನಾಗಿ ತಿಳಿಯಿತು.

ಅಂಗಡಿಯವರ ಸಲಹೆಯಂತೆ ನಡೆದಿದ್ದರೆ ಏನಾಗುತ್ತಿತ್ತು? ಎಂಡಿಆಡ್ಮ್‌ನಲ್ಲಿ ಕ್ರಿಯೇಟ್ ಮತ್ತು ಅಸೆಂಬಲ್ ಎಂಬ ಎರಡು ಆಜ್ಞೆಗಳಿವೆ. ಅಸೆಂಬಲ್ ಎಂದರೆ ಇರುವ ಡಿಸ್ಕುಗಳನ್ನು ಅವುಗಳ ಮೇಲಿನ ಗುರುತಿಗೆ ಅನುಸಾರವಾಗಿ ಕೂಡಿಸುವುದು. ಕ್ರಿಯೇಟ್ ಎಂದರೆ ಹಳೆಯ ಗುರುತನ್ನು ಅಳಿಸಿ ಹೊಸದಾಗಿ ಕಟ್ಟುವುದು. ಆಗ ಡಿಸ್ಕುಗಳ ಕ್ರಮವೋ, ತುಂಡುಗಳ ಅಳತೆಯೋ, ಮಾಹಿತಿ ಆರಂಭವಾಗುವ ಸ್ಥಾನವೋ ಒಂದಿಷ್ಟು ತಪ್ಪಿದರೂ, ಯಂತ್ರವು ತಪ್ಪು ಮೊತ್ತಗಳನ್ನು ಲೆಕ್ಕ ಹಾಕಿ ಒಳ್ಳೆಯ ಮಾಹಿತಿಯ ಮೇಲೆಯೇ ಬರೆಯತೊಡಗುತ್ತದೆ. ಡಿಸ್ಕು ಕೆಟ್ಟಾಗ ಉಳಿದಿದ್ದ ಮಾಹಿತಿ ನಮ್ಮ ಕೈಯಿಂದಲೇ ನಾಶವಾಗುತ್ತದೆ.

ಮರಳಿ ಪಡೆದ ಬಗೆ

ಮರುದಿನ ಅಳಿಯ ಬಂದವನೇ ಪ್ರತಿ ಡಿಸ್ಕಿಗೂ ಚೀಟಿ ಅಂಟಿಸಿ, ಅದರ ಕ್ರಮಸಂಖ್ಯೆಯನ್ನೂ ಅದು ಇದ್ದ ಜಾಗವನ್ನೂ ಬರೆದ. ಅನಂತರ ಪ್ರತಿಯೊಂದರ ಮೇಲಿನ ಗುರುತನ್ನು ಓದಿ ಬೇರೆಡೆ ದಾಖಲಿಸಿದ. ಆ ಗುರುತಿನಲ್ಲಿ ಘಟನೆಗಳ ಎಣಿಕೆ ಎಂಬ ಒಂದು ಅಂಕಿಯಿದೆ. ಗುಂಪಿನ ಸ್ಥಿತಿ ಬದಲಾದಾಗಲೆಲ್ಲ ಆ ಅಂಕಿ ಏರುತ್ತದೆ.

ಇದನ್ನು ನಾನು ನಮ್ಮ ಅಂಗಡಿಯ ರೋಜುಕೀರ್ದಿಗೆ ಹೋಲಿಸಿ ಅರ್ಥಮಾಡಿಕೊಂಡೆ. ನಾಲ್ವರು ಗುಮಾಸ್ತರು ಒಂದೇ ವ್ಯವಹಾರದ ಕೀರ್ದಿ ಬರೆಯುತ್ತಿದ್ದಾರೆ. ಇಬ್ಬರ ಪುಸ್ತಕ ನಿನ್ನೆಯ ಕೊನೆಯ ಸಾಲಿನವರೆಗೆ ಇದೆ. ಮೂರನೆಯವನದು ಹತ್ತೆಂಟು ಸಾಲು ಹಿಂದಿದೆ. ನಾಲ್ಕನೆಯವನದು ಮಾರ್ಚ್ ತಿಂಗಳಿಗೇ ನಿಂತಿದೆ. ಲೆಕ್ಕ ಕೂಡಿಸಲು ಮೂರು ಪುಸ್ತಕ ಬೇಕೇಬೇಕು. ಯಾವ ಮೂರು? ಮಾರ್ಚಿನ ಪುಸ್ತಕವನ್ನು ಸೇರಿಸಿದರೆ ನಾಲ್ಕು ತಿಂಗಳ ಹಳೆಯ ಅಂಕಿಯೂ ಇಂದಿನ ಅಂಕಿಯೂ ಬೆರೆತು ಎಲ್ಲವೂ ಕಲಸಿಹೋಗುತ್ತದೆ. ಹತ್ತೆಂಟು ಸಾಲು ಹಿಂದುಳಿದವನನ್ನು ಸೇರಿಸಿದರೆ ನಷ್ಟ ಅತ್ಯಲ್ಪ. ಎರಡು ಡಿಸ್ಕುಗಳು ಬಿದ್ದಾಗ ಯಾವುದು ಮೊದಲು ಬಿತ್ತು, ಯಾವುದು ಅನಂತರ ಬಿತ್ತು ಎಂದು ತಿಳಿಯುವುದೇ ಇಡೀ ಕಾರ್ಯದ ಮರ್ಮ.

ಮೂರನೆಯ ಡಿಸ್ಕನ್ನು ಅವನು ನೇರವಾಗಿ ನಂಬಲಿಲ್ಲ. ಡಿಸ್ಕುಗಳು ತಮ್ಮ ಆರೋಗ್ಯದ ವಿವರವನ್ನು ತಾವೇ ಬರೆದಿಡುವ ಸ್ಮಾರ್ಟ್ ಎಂಬ ವ್ಯವಸ್ಥೆಯಿದೆ. ಅದರಲ್ಲಿ ಓದಲಾಗದೆ ಬಾಕಿ ಉಳಿದ ಜಾಗಗಳ ಸಂಖ್ಯೆ ಸೊನ್ನೆಯಿರಬೇಕು. ಇಲ್ಲಿ ಹಲವು ಇದ್ದವು. ಆದ್ದರಿಂದ ಹೊಸ ಡಿಸ್ಕು ತಂದು, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಅದರ ಪೂರ್ಣ ಪ್ರತಿಯನ್ನು ತೆಗೆಯತೊಡಗಿದ. ಅದು ಮೊದಲು ಸುಲಭವಾಗಿ ಓದಬಲ್ಲ ಭಾಗವನ್ನೆಲ್ಲ ಓದಿ ಮುಗಿಸುತ್ತದೆ. ಕಠಿಣವಾದ ಜಾಗಗಳಿಗೆ ಅನಂತರ ಮರಳುತ್ತದೆ. ಎಲ್ಲಿಯವರೆಗೆ ಓದಿತೆಂಬುದನ್ನು ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಂತರೂ ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ. ಸೆಕೆಂಡಿಗೆ 150 ಮೆಗಾಬೈಟಿನಂತೆ ಓದಿದರೂ 4 ಟೆರಾಬೈಟಿಗೆ ಏಳು ಗಂಟೆಗಿಂತ ಹೆಚ್ಚು ಕಾಲ ಬೇಕು. ನಮಗೆ ಒಂದೂವರೆ ದಿನ ಹಿಡಿಯಿತು. ಕೊನೆಗೆ ಕೆಲವೇ ಕಿಲೋಬೈಟುಗಳಷ್ಟು ಜಾಗ ಮಾತ್ರ ಓದಲಾಗದೆ ಉಳಿಯಿತು.

ಅಷ್ಟಾದರೂ ಅವನು ಮೂಲ ಡಿಸ್ಕುಗಳ ಮೇಲೆ ಒಂದಕ್ಷರವನ್ನೂ ಬರೆಯಗೊಡಲಿಲ್ಲ. ಹಳೆಯ ದಸ್ತಾವೇಜಿನ ಮೇಲೆ ಪಾರದರ್ಶಕ ಹಾಳೆಯಿಟ್ಟು, ಬರೆಯುವುದನ್ನೆಲ್ಲ ಆ ಹಾಳೆಯ ಮೇಲೆ ಬರೆದಂತೆ, ಲಿನಕ್ಸಿನಲ್ಲಿ ಡಿಸ್ಕಿನ ಮೇಲೆ ತಾತ್ಕಾಲಿಕ ಪದರವೊಂದನ್ನು ಇರಿಸಬಹುದು. ಪ್ರಯತ್ನ ತಪ್ಪಿದರೆ ಪದರವನ್ನು ತೆಗೆದೆಸೆದರಾಯಿತು. ಮೂಲ ಇದ್ದಂತೆಯೇ ಇರುತ್ತದೆ. ಆ ಪದರಗಳ ಮೇಲೆ ಮೊದಲನೆಯದು, ಎರಡನೆಯದು ಮತ್ತು ಮೂರನೆಯದರ ಪ್ರತಿ, ಇಷ್ಟನ್ನೇ ಇಟ್ಟು, ಅಸೆಂಬಲ್ ಆಜ್ಞೆಗೆ ಫೋರ್ಸ್ ಎಂಬ ಮಾತನ್ನು ಸೇರಿಸಿ ಕೊಟ್ಟ. ಎಣಿಕೆ ಒಂದಿಷ್ಟು ಹಿಂದಿದ್ದರೂ ಈ ಡಿಸ್ಕನ್ನು ಒಪ್ಪಿಕೋ ಎಂಬುದು ಅದರ ತಾತ್ಪರ್ಯ. ಗುಂಪು ಎದ್ದು ನಿಂತಿತು. ಅನಂತರ ಕಡತವ್ಯವಸ್ಥೆಯನ್ನು ಕೇವಲ ಪರೀಕ್ಷಿಸುವಂತೆ, ತಿದ್ದದಂತೆ ಆಜ್ಞಾಪಿಸಿದ. ದೋಷಗಳು ಬೆರಳೆಣಿಕೆಯಷ್ಟಿದ್ದವು. ಅವು ಸಾವಿರಗಟ್ಟಲೆ ಕಂಡಿದ್ದರೆ ಡಿಸ್ಕುಗಳ ಆಯ್ಕೆಯೋ ಕ್ರಮವೋ ತಪ್ಪಿದೆಯೆಂದು ತಿಳಿದು ಹಿಂದಿರುಗಬೇಕಿತ್ತು, ತಿದ್ದಲು ಹೋಗಬಾರದಿತ್ತು.

ಭಂಡಾರ ತೆರೆದೊಡನೆ ನಾವು ಮೊದಲು ಹೊರತೆಗೆದದ್ದು ತಂದೆಯವರ ಧ್ವನಿಯನ್ನು. ಅದಾದ ಮೇಲೆ ಫೋಟೋಗಳು, ದಾಖಲೆಗಳು, ಉಳಿದವು. ಎಲ್ಲವನ್ನೂ ಪ್ರತ್ಯೇಕವಾದ 8 ಟೆರಾಬೈಟಿನ ಡಿಸ್ಕಿಗೆ ನಕಲು ಮಾಡಿದ ಮೇಲೆಯೇ, ಕೆಟ್ಟ ಡಿಸ್ಕುಗಳ ಜಾಗಕ್ಕೆ ಹೊಸವನ್ನಿಟ್ಟು ಸರ್ವರನ್ನು ಪುನಃ ಕಟ್ಟಿದೆವು. ಮದುವೆಯೊಂದರ ವಿಡಿಯೋದಲ್ಲಿ ಒಂದೆರಡು ಕ್ಷಣ ಚಿತ್ರ ಒಡೆದು ಕಾಣುತ್ತದೆ. ನಮಗೆ ತಿಳಿದಂತೆ ಆದ ನಷ್ಟ ಅಷ್ಟೇ. ಆ ಸಂಜೆ ಅವ್ವ ಕುರ್ಚಿಯಲ್ಲಿ ಕುಳಿತು ಕೇಳಿದಳು. ಅವಳಿಗೆ ನಡೆದದ್ದೇನೆಂದು ನಾವು ಹೇಳಲಿಲ್ಲ.

ನಮ್ಮ ಪಾಲಿನ ಕರ್ತವ್ಯ

ಈ ಪ್ರಸಂಗದಿಂದ ನಾನು ಕಲಿತದ್ದನ್ನು ತಮ್ಮಲ್ಲಿ ನಿವೇದಿಸುತ್ತೇನೆ. ರೇಡ್ ಎಂಬುದು ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಉಪಾಯವೇ ಹೊರತು ಎರಡನೆಯ ಪ್ರತಿಯಲ್ಲ. ಕೈತಪ್ಪಿ ಒಂದು ಫೋಟೋ ಅಳಿಸಿದರೆ ಅದು ಇಡೀ ಗುಂಪಿನಿಂದಲೇ ಅಳಿಯುತ್ತದೆ. ಕಳ್ಳನೋ ಬೆಂಕಿಯೋ ಸಿಡಿಲೋ ಬಂದರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಮುಖ್ಯವಾದುದಕ್ಕೆ ಮೂರು ಪ್ರತಿಗಳಿರಲಿ; ಅವು ಎರಡು ಬಗೆಯ ಸಾಧನಗಳಲ್ಲಿರಲಿ; ಒಂದು ಪ್ರತಿ ಬೇರೆ ಊರಿನಲ್ಲಿರಲಿ. ನಮ್ಮದೊಂದು ಈಗ ಬೆಳಗಾವಿಯಲ್ಲಿ ಮಗಳ ಮನೆಯ ಕಪಾಟಿನಲ್ಲಿದೆ. ಅವಳು ಹಬ್ಬಕ್ಕೆ ಬಂದಾಗಲೆಲ್ಲ ಅದನ್ನು ತಂದು ಹೊಸತನ್ನು ತುಂಬಿಸಿಕೊಂಡು ಹೋಗುತ್ತಾಳೆ.

ಸರ್ವರ್ ಇಟ್ಟುಕೊಂಡವರು ಎಚ್ಚರಿಕೆಯ ಮಿಂಚಂಚೆಯನ್ನು ಇಂದೇ ಏರ್ಪಡಿಸಿಕೊಳ್ಳಬೇಕು. ತಿಂಗಳಿಗೊಮ್ಮೆ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ ತಾಳೆ ನೋಡಬೇಕು. ಯುಪಿಎಸ್ ಬ್ಯಾಟರಿಯನ್ನು ಕಾಲಕಾಲಕ್ಕೆ ಬದಲಿಸಬೇಕು. ಸರ್ವರ್ ಇಲ್ಲದವರಿಗೂ ಒಂದು ನಿಯಮ ಅನ್ವಯಿಸುತ್ತದೆ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಫೋಟೋ ಅಳಿಸಿಹೋದರೆ ಆ ಕಾರ್ಡಿನಲ್ಲಿ ಮತ್ತೊಂದು ಚಿತ್ರ ತೆಗೆಯಬೇಡಿ, ಹೊರತೆಗೆದು ಇಟ್ಟುಬಿಡಿ. ಹೊಸತು ಬರೆಯದಿರುವಷ್ಟು ಕಾಲ ಹಳೆಯದು ಉಳಿದಿರುವ ಸಂಭವವಿದೆ.

ಓದುಗ ಬಂಧುಗಳೆ, ನಿಮ್ಮ ಮನೆಯ ಹಿರಿಯರ ಧ್ವನಿಯೋ ಚಿತ್ರವೋ ಇಂದು ಎಷ್ಟು ಕಡೆ ಇದೆ ಎಂದು ಈ ಪುಟ ಮಡಿಚಿದ ಮೇಲೆ ಒಮ್ಮೆ ಎಣಿಸಿ ನೋಡಿ. ಎಣಿಕೆ ಒಂದೇ ಆಗಿದ್ದರೆ, ಇಂದು ಸಂಜೆಯೊಳಗೆ ಅದನ್ನು ಎರಡು ಮಾಡಿ.