ಪುರಸಭೆಯ ಅಧಿಕಾರ ಯಾರ ಕೈಲಿದೆ?



ಹಾಸ್ಟೆಲ್ಲಿನಲ್ಲಿ ನಾವೆಲ್ಲ ಮಹಾಡ್ ಕೆರೆಯ ಕತೆ ಕೇಳಿ ಬೆಳೆದವರು. 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಸಾವಿರಾರು ಜನರನ್ನು ಕರಕೊಂಡು ಹೋಗಿ ಚೌದಾರ್ ಕೆರೆಯ ನೀರು ಕುಡಿದರು. ಭಾಷಣ ಮಾಡೋರು ಅಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಗೋತಾರೆ. ಅದರ ಹಿಂದೆ ಮುಂದೆ ಏನಾಯ್ತು ಅಂತ ಹೇಳೋದಿಲ್ಲ. ಆ ಕೆರೆಯನ್ನು ಅಸ್ಪೃಶ್ಯರಿಗೆ ಬಿಡಬೇಕು ಅಂತ ಮಹಾಡ್ ಪುರಸಭೆಯೇ 1924ರಲ್ಲಿ ಠರಾವು ಮಾಡಿತ್ತು! ಮೂರು ವರ್ಷ ಆ ಠರಾವು ಪುಸ್ತಕದಲ್ಲಿ ಮಲಗಿತ್ತು. ಜಾರಿ ಮಾಡೋಕೆ ಯಾರೂ ಎದ್ದು ಬರಲಿಲ್ಲ. ನಮ್ಮ ಜನ ನೀರು ಮುಟ್ಟಿದ್ದೇ ತಡ, ಅದೇ ವರ್ಷದ ಆಗಸ್ಟಿನಲ್ಲಿ ಪುರಸಭೆ ಠರಾವನ್ನೇ ರದ್ದು ಮಾಡಿತು. ಕೊಟ್ಟಿದ್ದನ್ನು ಜಾರಿ ಮಾಡೋಕೆ ಮೂರು ವರ್ಷ ಸಾಲದು, ಕಿತ್ತುಕೊಳ್ಳೋಕೆ ಐದು ತಿಂಗಳು ಸಾಕು.

ಇನ್ನು ನಮ್ಮೂರಿಗೆ ಬನ್ನಿ. ಬೀರೂರಿನವರಿಗೆ ಗಾಡಿ ಬದಲಾಯಿಸೋದು ಹೊಸದಲ್ಲ. ಹುಬ್ಬಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಹೋಗೋರು ಇಲ್ಲೇ ಇಳಿದು ಬೇರೆ ಗಾಡಿ ಹತ್ತಬೇಕು. ಪುರಸಭೆಗಳ ಅಧಿಕಾರವೂ ಹೀಗೇ ಗಾಡಿ ಬದಲಾಯಿಸುತ್ತೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ನೋಡಿ. ನಾವು ಓಟು ಹಾಕಿ ಕಳಿಸಿದ ಸದಸ್ಯರು ಕೈ ಎತ್ತಿ ಠರಾವು ಮಾಡ್ತಾರೆ. ಕೆಲವು ವಿಷಯ ಸ್ಥಾಯಿ ಸಮಿತಿಗೆ ಹೋಗುತ್ತೆ. ಜಾರಿ ಮಾಡೋ ಮುಖ್ಯಾಧಿಕಾರಿಯನ್ನು ಕಳಿಸೋದು ಸರ್ಕಾರ. ಅವರ ಕೆಳಗೆ ಆರೋಗ್ಯ ನಿರೀಕ್ಷಕರು, ಅವರ ಕೆಳಗೆ ದಫೇದಾರ, ಪಕ್ಕದಲ್ಲಿ ಕಂಟ್ರಾಕ್ಟರು, ಎಲ್ಲರ ಕೆಳಗೆ ಪೊರಕೆ ಹಿಡಿದ ನಮ್ಮವ್ವ. ಇವರೆಲ್ಲರ ತಲೆ ಮೇಲೆ ಠರಾವನ್ನೇ ತಡೆಹಿಡಿಯಬಲ್ಲ ಜಿಲ್ಲಾಧಿಕಾರಿ. ಕಚೇರಿ ಭಾಷೆಯಲ್ಲಿ ಇದಕ್ಕೆ 'ಅಧಿಕಾರ ಪ್ರತ್ಯಾಯೋಜನೆ' ಅಂತಾರೆ. ಬಾಯಿಗೆ ಸಿಗದಂಥ ಮಾತು, ಕೈಗೂ ಸಿಗಬಾರದು ಅಂತಲೇ ಇರಬೇಕು.

ಹಂಚೋದೇ ತಪ್ಪು ಅಂತ ನಾವು ಹೇಳ್ತಿಲ್ಲ. ಚರಂಡಿ ಕಟ್ಟಿಕೊಂಡಾಗಲೆಲ್ಲ ಸಭೆ ಕರೆಯೋಕಾಗುತ್ತಾ? ನಮ್ಮ ತಕರಾರು ಬೇರೆ. ಅಧಿಕಾರ ಕೆಳಗಿಳಿಯುವಾಗ ಅದರ ಜೊತೆ ಹೊಣೆಯೂ ಇಳಿಯಬೇಕಲ್ಲ, ಅದು ಯಾವ ಗಾಡಿ ಹತ್ತಿತು?

"ಪುರಸಭೆಯಲ್ಲಿ ನಿಮ್ಮವರೂ ಇದ್ದಾರಲ್ರಪ್ಪ" ಅಂತ ಬುದ್ಧಿ ಹೇಳೋರಿದ್ದಾರೆ. ಇದ್ದಾರೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಜನಸಂಖ್ಯೆಗೆ ತಕ್ಕ ಮೀಸಲು ಸ್ಥಾನ ಕೊಟ್ಟಿದೆ. ಆದರೆ ಮೀಸಲು ವಾರ್ಡಿನಿಂದ ಗೆದ್ದ ಅಣ್ಣ ಕೈ ಎತ್ತಬಹುದು, ದಫೇದಾರನಿಗೆ ಒಂದು ಆದೇಶ ಕೊಡೋಕಾಗಲ್ಲ. 2018ರಲ್ಲಿ ಚುನಾವಣೆ ನಡೆದ ಎಷ್ಟೋ ಊರುಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯ ಕೋರ್ಟಿಗೆ ಹೋಗಿ, 2020ರವರೆಗೆ ಗೆದ್ದವರು ಮನೇಲಿ ಕೂತರು, ಆಡಳಿತಾಧಿಕಾರಿಗಳು ಕುರ್ಚಿಯಲ್ಲಿ ಕೂತರು. ವಾರ್ಡು ಸಮಿತಿಯಾದರೂ ಉಂಟಾ? ಸಂವಿಧಾನ ಅದನ್ನು ಕಡ್ಡಾಯ ಮಾಡಿರೋದು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನ ಇರೋ ಊರಿಗೆ. ಬೀರೂರಿನಂಥ ಊರಿಗಲ್ಲ.

ಮಲ ಹೊರುವ ಪದ್ಧತಿಯನ್ನೇ ತಗೊಳ್ಳಿ. ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಅದನ್ನು ನಿಷೇಧ ಮಾಡಿದರು. 1993ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿತು. 2013ರಲ್ಲಿ ಇನ್ನೊಂದು ಮಾಡಿತು. ಒಂದೇ ಅನಿಷ್ಟಕ್ಕೆ ಮೂರು ಸಲ ಯಾಕ್ರಪ್ಪ ನಿಷೇಧ? ಜಾರಿ ಮಾಡೋ ಕೈ ಇರಲಿಲ್ಲ, ಅದಕ್ಕೆ. ಆದರೆ ನಮ್ಮನ್ನು ಎಬ್ಬಿಸಬೇಕು ಅಂದಾಗ ಆ ಕೈ ಎಲ್ಲಿಂದಲೋ ಬರುತ್ತೆ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆ ಸವಣೂರಿನಲ್ಲಿ, ದಶಕಗಳಿಂದ ಇದ್ದ ಜಾಗದಿಂದ ಭಂಗಿ ಕುಟುಂಬಗಳನ್ನು ತೆರವು ಮಾಡಲು ಪುರಸಭೆ ಹೊರಟಿತು. ಆ ಜನ ಪುರಸಭೆ ಎದುರೇ ಮೈಮೇಲೆ ಮಲ ಸುರಿದುಕೊಂಡು ನಿಂತರು. ಇಲ್ಲದ ಪದ್ಧತಿಯ ಮಲ ಅದು!

2013ರ ಕಾಯ್ದೆಯನ್ನು ಹಾಸ್ಟೆಲ್ಲಿನ ಹುಡುಗರು ಒಂದು ಸಲ ಓದಲೇಬೇಕು. ರಕ್ಷಣಾ ಸಾಧನವಿಲ್ಲದೆ ಮ್ಯಾನ್‌ಹೋಲಿಗೆ, ಸೆಪ್ಟಿಕ್ ಗುಂಡಿಗೆ ಮನುಷ್ಯರನ್ನು 'ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ' ಇಳಿಸಬಾರದು ಅಂತ 7ನೇ ಕಲಮಿನಲ್ಲಿದೆ. "ನಾವಲ್ಲ, ಕಂಟ್ರಾಕ್ಟರು ಇಳಿಸಿದ್ದು" ಅನ್ನೋ ನೆಪ ಅಲ್ಲೇ ಸತ್ತುಹೋಯಿತು. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. 18ನೇ ಕಲಮು ಇನ್ನೂ ಮುಖ್ಯ. ಈ ಕಾಯ್ದೆ ಜಾರಿ ಮಾಡೋ ಅಧಿಕಾರವನ್ನು ಸರ್ಕಾರ ಸ್ಥಳೀಯ ಸಂಸ್ಥೆಗೆ, ಜಿಲ್ಲಾಧಿಕಾರಿಗೆ ಕೊಡಬಹುದು; ಅವರು ಕೆಳಗಿನ ಯಾವ ಅಧಿಕಾರಿ, ಯಾವ ಎಲ್ಲೆಯೊಳಗೆ ಅಂತ ಗೊತ್ತುಮಾಡಬಹುದು.

ಗೊತ್ತುಮಾಡಿದ್ದಾರಾ? ಹೋಗಿ ಕೇಳಿ ನೋಡಿ. ಒಂದೂರಿನ ಕಚೇರಿಯಲ್ಲಿ ನಾನು ಕೇಳಿದ್ದೆ. "ಅದು ಹೆಲ್ತ್ ಸೆಕ್ಷನ್ನು" ಅಂದರು. ಹೆಲ್ತ್ ಸೆಕ್ಷನ್ನಿನವರು "ಸಾಹೇಬ್ರನ್ನ ಕೇಳಿ" ಅಂದರು. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಇದು ಬರೀ ಸೋಮಾರಿತನ ಅಂದುಕೋಬೇಡಿ. ಈ ಕಾಯ್ದೆಯ ಕೆಳಗೆ ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಇಲ್ಲವಾದರೆ ಕೋರ್ಟು ಅದನ್ನು ಕೈಗೆತ್ತಿಕೊಳ್ಳೋಹಾಗಿಲ್ಲ. ಮೇಜಿನಿಂದ ಮೇಜಿಗೆ ಅಲೆಸಿದ ಒಂದೊಂದು ದಿನವೂ ತಪ್ಪಿತಸ್ಥನ ಲೆಕ್ಕಕ್ಕೆ ಜಮಾ. 2016ರಿಂದ ದಲಿತರ ಕೈಲಿ ಮಲ ಬಾಚಿಸೋದು ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ, ಸರಿ. ಅಲ್ಲಿಗೂ ಹೆಸರು ಬೇಕು. ಗುಂಡಿಯಲ್ಲಿ ಸತ್ತವರ ಮನೆಗೆ 30 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿದೆ. ಹೆಣ ಎತ್ತಿದ ಮೇಲೆ ಅಧಿಕಾರಿ ಯಾರು ಅಂತ ಹುಡುಕುತ್ತಾ ಕೂರಬೇಕಾ?

ಈಗಲೇ ಹುಡುಕೋಣ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಪ್ರತಿ ಕಚೇರಿಯೂ ತನ್ನ ಅಧಿಕಾರಿಗಳ ಅಧಿಕಾರವೇನು, ತೀರ್ಮಾನ ಹೇಗೆ ಆಗುತ್ತೆ, ಯಾರು ಯಾರಿಗೆ ಉತ್ತರ ಹೇಳಬೇಕು ಅನ್ನೋದನ್ನು ಕೇಳದೇನೇ ಪ್ರಕಟಿಸಬೇಕು. ಪ್ರಕಟಿಸಿಲ್ಲವಾದರೆ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಎರಡು ಸಾಲು ಸಾಕು: "2013ರ ಕಾಯ್ದೆಯ 18ನೇ ಕಲಮಿನಡಿ ಈ ಊರಿಗೆ ನೇಮಿಸಿದ ಅಧಿಕಾರಿಯ ಹುದ್ದೆ, ಹೆಸರು ತಿಳಿಸಿ. ನೇಮಿಸಿದ ಆದೇಶದ ಪ್ರತಿ ಕೊಡಿ."

ಬೀರೂರು, ಕಡೂರು, ತರೀಕೆರೆ, ಅಜ್ಜಂಪುರ, ಒಂದೊಂದು ಹಾಸ್ಟೆಲ್ಲಿನಿಂದ ಒಂದೊಂದು ಅರ್ಜಿ ಹೋಗಲಿ. ಮೂವತ್ತು ದಿನ ಕಾಯಿರಿ. ಬಂದ ಉತ್ತರವನ್ನು ಮುಂದಿನ ಸಭೆಗೆ ತನ್ನಿ. ಉತ್ತರ ಬಾರದಿದ್ದರೆ ಅರ್ಜಿ ಕೊಟ್ಟ ಸ್ವೀಕೃತಿ ಚೀಟಿಯನ್ನಾದರೂ ತನ್ನಿ.